ಜೋಡಿ ಇಲ್ಲದ ಬಟ್ಟಲು

ಅಕ್ಕಿಆಲೂರಿನ ಅಕ್ಕಿ ಗಿರಣಿಯ ಹಿಂದೆ ಒಂದು ಸಣ್ಣ ಓಣಿ. ಆ ಓಣಿಗೆ ಬರುವ ಗಾಡಿಗಳನ್ನು ಊರ ಮಂದಿ ದೂರದಿಂದಲೇ ಗುರುತು ಹಿಡಿಯುತ್ತಿದ್ದರು. ಗಾಡಿಯ ನಡುವೆ ಒಬ್ಬರು ಕೂತಿರುತ್ತಿದ್ದರು, ಎಡಕ್ಕೊಬ್ಬರು ಬಲಕ್ಕೊಬ್ಬರು ಅವರ ತೋಳು ಹಿಡಿದಿರುತ್ತಿದ್ದರು. ನಡುವಿನವರು ಹಾಡುತ್ತಿರಬಹುದು, ಬೈಯುತ್ತಿರಬಹುದು, ಇಲ್ಲವೆ ದಾರಿಯ ಗಿಡಮರಗಳಿಗೆಲ್ಲ ಶರಣು ಹೇಳುತ್ತ ಬಂದಿರಬಹುದು. ಗಿರಣಿಯ ಹಮಾಲರು ಚೀಲ ಇಳಿಸುವುದನ್ನು ಬಿಟ್ಟು, ಯಾರೂ ಕೇಳದಿದ್ದರೂ ಕೈ ತೋರಿಸುತ್ತಿದ್ದರು.

“ಹೊನ್ನವ್ವನ ಮನಿ ಏನ್ರಿ? ಹಿಂಗ ಹೋಗಿ ಹಿಂಗ ಹೊಳ್ಳರಿ. ಬಾಗಲದಾಗ ಬೇವಿನ ಗಿಡ ಐತಿ.”

ಆ ಮನೆಯಲ್ಲಿ ಕೊಡುತ್ತಿದ್ದುದು ಒಂದು ಬೇರು. ಪಂಡಿತರು ಅದಕ್ಕೆ ಸರ್ಪಗಂಧಿ ಎನ್ನುತ್ತಾರಂತೆ. ಊರವರ ಬಾಯಲ್ಲಿ ಅದು ಹುಚ್ಚಿನ ಬೇರು. ಬಿಸಿಲು ನೆಲ ಮುಟ್ಟದ ದಟ್ಟ ಕಾಡಿನಲ್ಲಿ, ಕೊಳೆತ ಎಲೆಯ ಕೆಳಗೆ ಬೆಳೆಯುವ ಗಿಡ ಅದು. ಭಾರತ ಹುಣ್ಣಿಮೆಗೆ ಈ ಸೀಮೆಯ ಗಾಡಿಗಳೆಲ್ಲ ಉಳವಿಯ ಜಾತ್ರೆಗೆ ಹೋಗುತ್ತವಲ್ಲ, ಹಾಗೆ ಹೋದಾಗ ಹೊನ್ನವ್ವನ ಮನೆಯವರು ಮಾತ್ರ ಬರುವಾಗ ಒಂದು ದಿನ ಕಾಡಿನಲ್ಲಿ ಉಳಿದು, ಬೇರು ಅಗೆದು, ಗಿಡ ಸಾಯದಷ್ಟು ನೆಲದಲ್ಲೇ ಬಿಟ್ಟು, ಉಳಿದದ್ದನ್ನು ತರುತ್ತಿದ್ದರು. ನೆರಳಲ್ಲಿ ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಆಕಳ ಹಾಲಿನಲ್ಲಿ ಕದಡಿ ಕಂಚಿನ ಬಟ್ಟಲಲ್ಲಿ ಕೊಡುವುದು. ವಾರಗಟ್ಟಲೆ ನಿದ್ದೆ ಇಲ್ಲದವರು ಮಲಗುತ್ತಿದ್ದರು. ಹಗ್ಗ ಕಟ್ಟಿಸಿಕೊಂಡು ಬಂದವರು ಹೋಗುವಾಗ ಗಾಡಿ ಹೊಡೆಯುವವನ ಪಕ್ಕ ಕೂತು ಹೋಗುತ್ತಿದ್ದರು.

ಈ ವಿದ್ಯೆ ಹೊನ್ನವ್ವನಿಗೆ ಬಂದದ್ದು ಅತ್ತೆ ತಿಪ್ಪವ್ವನಿಂದ. ತಿಪ್ಪವ್ವ ಕೋಲಿನಂಥ ಮುದುಕಿ, ನೆಟ್ಟಗೆ, ಗಟ್ಟಿಯಾಗಿ. ಬೇರು ಕೊಡುವುದಕ್ಕೆ ಆಕೆಯದೊಂದು ಕಟ್ಟಳೆ ಇತ್ತು. ಬಟ್ಟಲು ಒಂದೇ, ಕುಡಿಯುವವರು ಇಬ್ಬರು. ಬೇನೆಯವರು ಕುಡಿದ ಮೇಲೆ ತಳದಲ್ಲಿ ಉಳಿದ ಗುಟುಕನ್ನು ಅವರ ಕಡೆಯವರೊಬ್ಬರು ಕುಡಿಯಬೇಕು. ಬೇನೆಯವರು ಆ ಮನೆಯ ಪಡಸಾಲೆಯಲ್ಲಿ ಇರುವಷ್ಟು ದಿನವೂ ಅವರೊಂದಿಗೆ ಕುಡಿದು, ಅವರ ಪಕ್ಕದ ಚಾಪೆಯಲ್ಲೇ ಮಲಗಬೇಕು. ಅವರಿಗೆ ‘ಜೋಡಿ’ ಎನ್ನುತ್ತಿದ್ದರು.

ಹೊಸ ಸೊಸೆಯಾಗಿದ್ದಾಗ ಹೊನ್ನವ್ವ ಕೇಳಿದ್ದಳು: “ಬ್ಯಾನಿ ಇಲ್ಲದವರು ಯಾಕ ಕುಡೀಬೇಕ್ರಿ ಅತ್ತಿ?”

“ಬೇರು ಕುಡಿಯೋದಂದ್ರ ಬಾವ್ಯಾಗ ಇಳಿದಂಗ, ಹುಡುಗಿ. ದಂಡಿ ಮ್ಯಾಲ ನಿಂತವರು ‘ಏನ ಆಗಿಲ್ಲ ತಗೋ’ ಅಂತಾರ. ಅವರಿಗೇನ ಗೊತ್ತು? ಸಂಗಾಟ ಒಬ್ಬರು ಇಳೀಬೇಕು. ಮತ್ತ ಹುಚ್ಚರು ‘ಸಾಕು, ಜೀವಾ ಕುಸಿಯಾಕತ್ತೈತಿ’ ಅಂದ್ರ ಯಾರು ನಂಬತಾರ? ಜೋಡಿ ಅಂದ್ರ ನಂಬತಾರ.”

ಜೋಡಿ ಇಲ್ಲದವರಿಗೆ ತಿಪ್ಪವ್ವ ಬೇರು ಕೊಡುತ್ತಿರಲಿಲ್ಲ. ಒಮ್ಮೆ ಶಿಗ್ಗಾವಿ ಕಡೆಯವನೊಬ್ಬ ಹೆಂಡತಿಯನ್ನು ಕರೆತಂದ. ಈಕೆ ಪೂರ್ತಿ ಕೆಟ್ಟಿದ್ದಾಳೆ, ಬಾಯಿ ಮುಚ್ಚುವುದೇ ಇಲ್ಲ, ನಾಲ್ಕು ಮಂದಿ ಎದುರು ತನಗೆ ತಿರುಗಿ ಮಾತಾಡುತ್ತಾಳೆ ಎಂದು ದೂರಿದ. ತಿಪ್ಪವ್ವ ಬಟ್ಟಲು ತಂದು, “ಆಕಿ ಕುಡೀತಾಳ. ಉಳಿದದ್ದು ನೀ ಕುಡಿ” ಎಂದಳು. ಅವನಿಗೆ ತಟ್ಟನೆ ಮನೆಯಲ್ಲಿ ಎತ್ತಿಗೆ ಮೇವು ಹಾಕದೆ ಬಂದದ್ದು ನೆನಪಾಯಿತು. “ಹಂಗ ನೋಡಿದ್ರ ನಮ್ಮಕಿದು ಅಷ್ಟೇನ ಹುಚ್ಚಲ್ಲ ಬಿಡ್ರಿ” ಎಂದು ಗಾಡಿ ತಿರುಗಿಸಿದ. ಹೆಂಡತಿ ಹಿಂದಕ್ಕೆ ಹೊರಳಿ ತಿಪ್ಪವ್ವನಿಗೆ ಕೈ ಮುಗಿದಳು.

ತಿಪ್ಪವ್ವ ಹೋದ ಮೇಲೆ, ಗಂಡನೂ ಹೋದ ಮೇಲೆ, ಬಟ್ಟಲು ಹೊನ್ನವ್ವನ ಕೈಗೆ ಬಂತು. ಆಕೆ ಕಟ್ಟಳೆ ತಪ್ಪಲಿಲ್ಲ. ಬಂದವರಿಗೆ ಮೊದಲು ಕೇಳುತ್ತಿದ್ದ ಮಾತೇ “ಜೋಡಿ ಯಾರು?” ಎಂದು. ಅಣ್ಣಂದಿರು ಕುಡಿದರು, ಅತ್ತಿಗೆಯರು ಕುಡಿದರು, ಮೀಸೆಯ ಗಂಡಸರು ಮಕ್ಕಳಂತೆ ಮುಖ ಕಿವುಚಿ ಕುಡಿದರು. ಆದರೆ ಒಂದು ಮಾತು ಯಾರಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಅಷ್ಟು ಮಂದಿಗೆ ಕುಡಿಸಿದ ಹೊನ್ನವ್ವ ತಾನು ಒಂದು ಸಲವೂ ಬೇರು ಬಾಯಿಗಿಟ್ಟಿರಲಿಲ್ಲ. ಕೊಡುವವರ ತಲೆ ನೆಟ್ಟಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ನಿಜವೆಂದರೆ ಆಕೆಗೆ ಅಂಜಿಕೆ. ಆ ಬಾವಿ ಎಷ್ಟು ಆಳವೋ ಯಾರಿಗೆ ಗೊತ್ತು?

ಜೋಡಿ ಕೂತವರಲ್ಲಿ ಯಲವಿಗಿಯ ಪರಮೇಶ್ವರಪ್ಪ ಒಬ್ಬ. ನೆಲ ಜಲ ಇದ್ದ ಮನೆಯವನು, ಮಾತಿಗೆ ಊರಲ್ಲಿ ತೂಕ. ಅವನ ತಂಗಿ ಕೂಸು ಕಳೆದುಕೊಂಡ ಮೇಲೆ ನಿದ್ದೆಗೆಟ್ಟು, ಠೇಶನ್ನಿಗೆ ಓಡಿ, ಬಂದ ರೈಲುಗಾಡಿಯಲ್ಲೆಲ್ಲ ಕೂಸನ್ನು ಹುಡುಕುತ್ತಿದ್ದಳು. ಪರಮೇಶ್ವರಪ್ಪ ಆಳನ್ನು ಕಳಿಸದೆ ತಾನೇ ಬಂದು, ತಂಗಿಯ ಪಕ್ಕ ಚಾಪೆ ಹಾಸಿಕೊಂಡು, ದಿನಾ ಬಟ್ಟಲ ತಳ ಕುಡಿದ. ತಂಗಿ ಎದ್ದು ಬಂದಳು. ಅಂದಿನಿಂದ ವರ್ಷವೂ ಹೊನ್ನವ್ವನ ಮನೆಗೆ ಸವಣೂರಿನ ವೀಳ್ಯದೆಲೆಯ ಪೆಂಡಿ ಬರುವುದು ತಪ್ಪಲಿಲ್ಲ. ಕೊನೆಗೆ ಒಂದು ದಿನ ಎಲೆಯ ಜೊತೆ ಮಾತೂ ಬಂತು: “ಆ ಮನಿ ಹೆಣ್ಣ ನಮ್ಮ ಮಗಗ ತರಬೇಕು ಅನಸೇತಿ. ಸುಗ್ಗಿ ಮುಗದ ಮ್ಯಾಲ ಬರ್ತೇವಿ.”

ಹೊನ್ನವ್ವನಿಗೆ ಇದ್ದವಳು ಒಬ್ಬಳೇ ಮಗಳು, ಅನ್ನವ್ವ. ಏಕೀಕರಣವಾಗಿ ನಮ್ಮ ಸೀಮೆ ಮೈಸೂರಿಗೆ ಸೇರಿದ ವರ್ಷ ಅದು. ಆ ಸುಗ್ಗಿಯಲ್ಲೇ ಅನ್ನವ್ವನಿಗೆ ಬೇನೆ ಬಂತು.

ಮೊದಲು ಅದು ಬೇನೆಯಂತೆ ಕಾಣಲೇ ಇಲ್ಲ, ಹಬ್ಬದಂತೆ ಕಂಡಿತು. ಅನ್ನವ್ವ ನಸುಕಿಗೇ ಎದ್ದು ತಮ್ಮ ಅಂಗಳ ಸಾರಿಸಿ, ಪಕ್ಕದ ಅಂಗಳ ಸಾರಿಸಿ, ಓಣಿಯ ಕೊನೆಯವರೆಗೂ ಎಲ್ಲರ ಅಂಗಳ ಸಾರಿಸಿದಳು. ಕಣದಲ್ಲಿ ಎತ್ತು ಹೊಡೆಯುತ್ತ ಗಂಡಸರು ಹಂತಿ ಹಾಡುವಾಗ ನಡುವೆ ಹೋಗಿ ನಿಂತು ಅವರಿಗಿಂತ ಮೇಲಿನ ದನಿಯಲ್ಲಿ ಹಾಡಿದಳು. ಎತ್ತುಗಳು ನಿಂತವು, ಗಂಡಸರು ನಕ್ಕರು. ಸಂತೆಯಲ್ಲಿ ಕಾಲಿನ ಚೈನು ಬಿಚ್ಚಿ ಗುರುತಿಲ್ಲದ ಹುಡುಗಿಗೆ ಹಾಕಿ ಬಂದಳು. “ಆಕಿ ಕಾಲಿಗೆ ಚಂದ ಕಾಣತಿತ್ತವ್ವಾ” ಎಂದಳು. ಆ ಕಣ್ಣು! ಹೊನ್ನವ್ವ ಅಂಥ ಕಣ್ಣುಗಳನ್ನು ಎಷ್ಟು ಗಾಡಿಗಳಿಂದ ಇಳಿಸಿಕೊಂಡಿದ್ದಳು. ಒಲೆಯ ಮುಂದೆ ಕೂತವಳು ಮಗಳ ಮುಖ ನೋಡಿದೊಡನೆ ತಿಳಿದುಕೊಂಡಳು. ತಿಳಿದ ಮರುಗಳಿಗೆಯೇ ನಾಚಿಕೆಯಿಂದ ಎದ್ದು ಓಣಿಯ ಕಡೆಯ ಬಾಗಿಲು ಮುಚ್ಚಿದಳು. ಹುಚ್ಚು ಬಿಡಿಸುವ ಮನೆಯಲ್ಲೇ ಹುಚ್ಚು!

ಹೊನ್ನವ್ವನ ತಮ್ಮ ಉಳವಪ್ಪ ಪಕ್ಕದ ಓಣಿಯವನು. ಅಕ್ಕನ ಹೊಲ ನೋಡಿಕೊಳ್ಳುವವನೂ ಅವನೇ, ಉಳವಿಗೆ ಗಾಡಿ ಕಟ್ಟುವವನೂ ಅವನೇ. ಒಳ್ಳೆಯ ಉಣ್ಣುವ ಬಾಯಿ, ಬಿಚ್ಚು ಮನಸ್ಸು. ಸೋದರಸೊಸೆಯನ್ನು ಕಣದಲ್ಲಿ ನೋಡಿ ನೇರ ಅಕ್ಕನ ಮನೆಗೆ ಬಂದ.

“ಅಕ್ಕ, ಅನ್ನಿಗೆ ಬಟ್ಟಲ ಕೊಡು. ನಾ ಜೋಡಿ ಕುಂದ್ರತೇನಿ.”

“ಏನಾಗೇತಿ ಆಕಿಗೆ? ಸುಗ್ಗಿ ಉಮೇದಿ. ಪಿತ್ತ ಏರೇತಿ.”

“ಪಿತ್ತ ಏರಿದವರು ಕಾಲಾಗಿಂದು ಬಿಚ್ಚಿ ಸಂತ್ಯಾಗ ಹಂಚತಾರೇನ?”

“ಮೆಲ್ಲಕ ಮಾತಾಡೋ! ಹೋಳಿ ಮುಂದ ಯಲವಿಗಿಯವರು ಬರೋರದಾರ. ಈಗ ಪಡಸಾಲ್ಯಾಗ ಬಟ್ಟಲ ಇಟ್ಟಕೊಂಡು ಕುಂತರ ಓಣಿಗೆ ಡಂಗುರ ಸಾರಿದಂಗ. ನೀ ಸುಮ್ನಿರು, ನಾ ನೋಡಕೋತೇನಿ.”

ಉಳವಪ್ಪ ಬಾಗಿಲವರೆಗೂ ಹೋಗಿ ತಿರುಗಿ ನಿಂತ. “ನಾ ಕುಂದ್ರತೇನಿ ಅಂದೇನಿ. ನೆನಪಿಟ್ಟಕೋ” ಎಂದು ಹೋದ.

ಹೊನ್ನವ್ವ ನೋಡಿಕೊಂಡ ಬಗೆ ಇದು. ದೀಪ ಹಚ್ಚುವ ಹೊತ್ತಿಗೆ ಶುಂಠಿ, ಮೆಣಸು, ಬೆಲ್ಲ ಹಾಕಿ ಕಷಾಯ ಕಾಸಿದಳು. ಅದರಲ್ಲಿ ಬೇರಿನ ಪುಡಿ ಕದಡಿದಳು. ಕಂಚಿನ ಬಟ್ಟಲಲ್ಲಲ್ಲ, ಹಿತ್ತಾಳೆ ಲೋಟದಲ್ಲಿ ಹಾಕಿ ಮಗಳಿಗೆ ಕೊಟ್ಟಳು. “ಕುಡಿ ಅನ್ನಿ. ಥಂಡಿಗೆ ಛಲೋ.”

ಅನ್ನವ್ವ ಒಂದು ಗುಟುಕು ಕುಡಿದು ತಾಯಿಯ ಮುಖ ನೋಡಿದಳು. ಹೊನ್ನವ್ವ ಒಲೆಯ ಕಡೆ ತಿರುಗಿ ಕಟ್ಟಿಗೆ ಸರಿಮಾಡಿದಳು. ತಿರುಗಿ ನೋಡಿದಾಗ ಲೋಟ ಬರಿದಾಗಿತ್ತು.

ಬೇರು ತನ್ನ ಕೆಲಸ ಮಾಡಿತು. ಅನ್ನವ್ವ ಮಲಗಿದಳು. ಹಾಡು ನಿಂತಿತು, ಕಸಬರಿಗೆ ಮೂಲೆ ಸೇರಿತು. ಹೊನ್ನವ್ವ ಶಿವನಿಗೆ ಕೈ ಮುಗಿದಳು. ಆದರೆ ದಿನ ಕಳೆದಂತೆ ಅನ್ನವ್ವ ಮಲಗಿದಲ್ಲಿಂದ ಏಳುವುದೇ ಹೊತ್ತಾಗತೊಡಗಿತು. ತಲೆ ಬಾಚಿಕೊಳ್ಳಲು ಕೂತವಳು ಬಾಚಣಿಗೆ ಹಿಡಿದು ಹಾಗೇ ಕೂತುಬಿಡುವಳು. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಡುವಳು. ಜೋಡಿ ಇದ್ದಿದ್ದರೆ ಅವರು ಇಷ್ಟೊತ್ತಿಗೆ “ಸಾಕ್ರಿ, ಕಮ್ಮಿ ಮಾಡ್ರಿ” ಎನ್ನುತ್ತಿದ್ದರು. ಹೇಳುವವರು ಯಾರೂ ಇರಲಿಲ್ಲ. ಹೊನ್ನವ್ವ ನೋಡಿದಳು, ನೋಡಿಯೂ ಹೋಳಿಯವರೆಗೆ ತಡೆದರಾಯಿತು ಎಂದುಕೊಂಡಳು. ಗದ್ದಲ ಮಾಡುವ ಕನ್ಯೆಗಿಂತ ಮಂಕು ಹಿಡಿದ ಕನ್ಯೆ ವಾಸಿ. ಕನ್ಯೆ ನೋಡಲು ಬಂದವರಿಗೆ ತಲೆ ತಗ್ಗಿಸಿದ ಹುಡುಗಿಯೇ ಬೇಕಲ್ಲವೆ?

ಯಲವಿಗಿಯವರು ಹೇಳಿದಂತೆ ಬಂದರು. ಪರಮೇಶ್ವರಪ್ಪ, ಅವನ ಹೆಂಡತಿ ವೀರವ್ವ, ಸಂಗಡ ಮಗ. ಹುಡುಗ ಬಂದಾಗಿನಿಂದ ತನ್ನ ಟೊಪ್ಪಿಗೆಯನ್ನೇ ನೋಡುತ್ತಿದ್ದ. ಉಳವಪ್ಪ ಯಜಮಾನಿಕೆಯ ರುಮಾಲು ಸುತ್ತಿಕೊಂಡು, “ಬರ್ರಿ, ಶರಣ್ರಿ, ಕುಂದ್ರರಿ” ಎಂದು ಜಮಖಾನೆ ತೋರಿಸಿದ. ಉಪ್ಪಿಟ್ಟು ಬಂತು, ಚಾ ಬಂತು. ಮಳೆ ಬೆಳೆಯ ಮಾತಾಯಿತು. ಅಕ್ಕನ ಕಷಾಯದ ಸುದ್ದಿ ಉಳವಪ್ಪನಿಗೆ ಗೊತ್ತಿರಲಿಲ್ಲ. ಸೊಸೆ ತಾನಾಗಿಯೇ ತಣ್ಣಗಾದಳು, ಅಕ್ಕ ಹೇಳಿದ್ದೇ ಖರೆ, ಪಿತ್ತವೇ ಇರಬೇಕು ಎಂದು ನಂಬಿದ್ದ. ಆ ಸಂತೋಷಕ್ಕೆ ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡ.

ಅನ್ನವ್ವ ಹಸಿರು ಇಳಕಲ್ ಸೀರೆ ಉಟ್ಟು ಎಲೆ ಅಡಿಕೆಯ ತಾಟು ಹಿಡಿದು ಬಂದು ಕೂತಳು. ವೀರವ್ವ ಗಲ್ಲ ಹಿಡಿದೆತ್ತಿ ನೋಡಿದಳು.

“ಎಷ್ಟ ತಣ್ಣಗೈತಿ ಹುಡುಗಿ! ಈಗಿನ ಹುಡುಗ್ಯಾರು ಎಲ್ಲಿ ಹಿಂಗಿರತಾರ? ಒಂದ ಹಾಡ ಅನ್ನು ತಂಗಿ.”

ಅನ್ನವ್ವ ಬಾಯಿ ತೆರೆದಳು. ಕಣದಲ್ಲಿ ಎತ್ತು ನಿಲ್ಲಿಸಿದ ದನಿ ಅದು. ಎರಡು ಶಬ್ದಕ್ಕೇ ಉಸಿರು ಸಾಲದೆ ನಿಂತುಹೋಯಿತು.

“ನಾಚಕೊಂತಾಳ್ರಿ” ಎಂದಳು ಹೊನ್ನವ್ವ ಅವಸರದಲ್ಲಿ.

ಪರಮೇಶ್ವರಪ್ಪ ಚಾದ ಬಸಿ ಕೆಳಗಿಟ್ಟ. ಹುಡುಗಿಯ ಮುಖವನ್ನಲ್ಲ, ಅವಳು ಬಾಯಿಂದ ಉಸಿರಾಡುತ್ತಿದ್ದುದನ್ನು ನೋಡುತ್ತಿದ್ದ. ತಾಟಿನ ಅಂಚಿನ ಮೇಲೆ ಮರೆತು ಬಿಟ್ಟಂತಿದ್ದ ಬೆರಳುಗಳನ್ನು ನೋಡಿದ.

“ತಂಗಿ, ಮೂಗ ಕಟ್ಟೇತೇನ?”

“ಹೂನ್ರಿ.”

“ನೆಗಡಿ ಆಗೇತ್ರಿ ಅಣ್ಣಾರ” ಎಂದಳು ಹೊನ್ನವ್ವ.

“ಕನಸ ಬಾಳ ಬೀಳತಾವೇನು? ಎದ್ದರೂ ಬಿಡದಂಗ?”

“ಬೀಳತಾವ್ರಿ.”

“ಎದಿ ಮ್ಯಾಲ ಏನರ ಇಟ್ಟಂಗ ಆಕ್ಕೈತೇನ?”

ಅನ್ನವ್ವ ಅಂದು ಮೊದಲ ಸಲ ತಲೆ ಎತ್ತಿದಳು. “ಗಿರಣ್ಯಾಗಿನ ಚೀಲ ಇಟ್ಟಂಗ ಆಕ್ಕೈತ್ರಿ. ನಿಮಗೂ ಹಂಗ ಆಗಿತ್ತೇನ್ರಿ?”

“ಆಗಿತ್ತವಾ.”

ವೀರವ್ವ ಗಂಡನ ಮುಖ ನೋಡಿದಳು, ಏನೂ ತಿಳಿಯಲಿಲ್ಲ. ಹೊನ್ನವ್ವನಿಗೆ ಮಾತ್ರ ತಿಳಿಯಿತು. ಇವನು ಜೋಡಿ ಕೂತದ್ದು ಆಕೆ ಮರೆತಿರಲಿಲ್ಲ. ಆದರೆ ಒಂದು ಗುಟುಕು ಕುಡಿದವನ ಮೈಯಲ್ಲಿ ಇಷ್ಟು ವರ್ಷ ಅದರ ನೆನಪು ಉಳಿದಿರುತ್ತದೆ ಎಂದು ಎಣಿಸಿರಲಿಲ್ಲ. ಎಣಿಸುವುದು ಹೇಗೆ? ಒಳಗಿನಿಂದ ಅದು ಹೇಗಿರುತ್ತದೆ ಎಂದು ಈ ಸೀಮೆಯಲ್ಲಿ ಎಷ್ಟೋ ಮನೆಯವರಿಗೆ ಗೊತ್ತಿತ್ತು. ಗೊತ್ತಿಲ್ಲದವಳು ಬೇರು ಕೊಡುವವಳೊಬ್ಬಳೇ.

ಪರಮೇಶ್ವರಪ್ಪ ಆಕೆಯ ಕಡೆ ತಿರುಗಿ, ಮೆತ್ತಗೆ, ಆಕೆಯದೇ ಮಾತು ಕೇಳಿದ: “ಜೋಡಿ ಯಾರ್ರಿ ಅಕ್ಕಾರ?”

ಉಳವಪ್ಪ ಅಕ್ಕನ ಮುಖ ನೋಡಿದ. ನೋಡಿದವನಿಗೆ ಎಲ್ಲ ತಿಳಿಯಿತು. ಪಾಪ, ಸುಳ್ಳು ಹೇಳಿ ರೂಢಿ ಇಲ್ಲದವನು ಎದೆ ಉಬ್ಬಿಸಿದ.

“ನಾನರಿ. ನಾನ ಜೋಡಿ. ಸೋದರಮಾವ ಅಲ್ಲೇನ್ರಿ?”

“ಉಳವಪ್ಪಣ್ಣ,” ಎಂದ ಪರಮೇಶ್ವರಪ್ಪ, “ನೀವು ಎರಡ ಸಲ ಉಪ್ಪಿಟ್ಟ ಹಾಕಿಸಿಕೊಂಡೀರಿ. ಜೋಡಿ ಕುಂತಾಗ ನನಗ ಅನ್ನದ ಮಾರಿ ನೋಡಾಕ ಆಗತಿದ್ದಿಲ್ಲ.”

ಉಳವಪ್ಪ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

“ಯಾರೂ ಇಲ್ರಿ,” ಎಂದಳು ಅನ್ನವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಬೇರು ಸಿಟ್ಟನ್ನೂ ಉಳಿಸಿರಲಿಲ್ಲ. “ಅವ್ವ ಕಷಾಯದಾಗ ಹಾಕಿ ಕೊಡತಾಳ. ನನಗ ಗೊತ್ತೈತಿ ಅನ್ನೂದು ಆಕಿಗೆ ಗೊತ್ತಿಲ್ಲ.”

“ಅನ್ನಿ!” ಎಂದಳು ಹೊನ್ನವ್ವ.

“ಸಣ್ಣಾಕಿದ್ದಾಗ ಹುಚ್ಚರ ಆಟ ಆಡತಿದ್ದಿವ್ರಿ. ಒಬ್ಬಾಕಿ ಹುಚ್ಚಿ, ಒಬ್ಬಾಕಿ ಜೋಡಿ. ಖರೇನ ಬೇರು ಕದ್ದು ನೆಕ್ಕತಿದ್ದಿವಿ. ಆ ಕಹಿ ಮರಿಯಾಕ ಬರೂದಿಲ್ರಿ. ಮೊದಲನೇ ಗುಟಿಕಿಗೇ ಗೊತ್ತಾತು. ಹೇಳತಾಳ, ಇವತ್ತ ಹೇಳತಾಳ ಅಂತ ಕುಡಕೋತ ಬಂದೆ.”

ಹೊನ್ನವ್ವ ಸೆರಗು ಮುಖಕ್ಕೆಳೆದುಕೊಂಡು ಕಂಬಕ್ಕೆ ಒರಗಿದಳು. ಅಷ್ಟು ಜನರ ಮುಂದೆ ಆ ಕಂಬ ಒಂದೇ ಆಕೆಗೆ ಮರೆ.

ಪರಮೇಶ್ವರಪ್ಪ ಬೈಯಬಹುದಿತ್ತು. ಬೈದಿದ್ದರೆ ಹೊನ್ನವ್ವ ತಿರುಗಿ ಬೈದು ಹಗುರಾಗುತ್ತಿದ್ದಳೇನೋ. ಅವನು ಎದ್ದು ರುಮಾಲು ಸರಿಮಾಡಿಕೊಂಡ.

“ನಮ್ಮ ತಂಗಿ ಈ ಪಡಸಾಲ್ಯಾಗಿಂದ ಎದ್ದ ಬಂದಾಳ್ರಿ ಅಕ್ಕಾರ. ಅದನ್ನ ನಾ ಮರಿಯಂಗಿಲ್ಲ. ಬ್ಯಾನಿ ಐತಿ ಅಂತ ನೀವು ಹೇಳಿದ್ದರ ನಮ್ಮಾಕಿ ಏನಂತಿದ್ದಳೋ ಗೊತ್ತಿಲ್ಲ, ನಾ ಮಾತ್ರ ಇನ್ನೊಮ್ಮೆ ಇಚಾರ ಮಾಡತಿದ್ದೆ. ಈಗ ಆಗೂದಿಲ್ಲ. ಇಲ್ಲಿಯ ಮಾತು ಇಲ್ಲೇ ಬಿಟ್ಟ ಹೋಗತೇವಿ.” ಅನ್ನವ್ವನಿಗೆ, “ಆರಾಮ ಆಗು ತಂಗಿ” ಎಂದ.

ಗಾಡಿ ಹೋಯಿತು. ಮನೆಯಲ್ಲಿ ಯಾರೂ ತಾಟು ಎತ್ತಲಿಲ್ಲ. ಉಳವಪ್ಪ ರುಮಾಲು ಬಿಚ್ಚಿ ಬಗಲಲ್ಲಿ ಇಟ್ಟುಕೊಂಡ. “ನಾ ಕುಂದ್ರತೇನಿ ಅಂದಿದ್ದೆ” ಎಂದಷ್ಟೇ ಹೇಳಿ ಹೋದ. ಅದಾದ ಮೇಲೆ ಎಷ್ಟೋ ದಿನ ಅಕ್ಕನ ಮನೆಯಲ್ಲಿ ಅವನು ನೀರೂ ಕುಡಿಯಲಿಲ್ಲ. ಹೊಲದ ಕೆಲಸ ಮಾತ್ರ ಬಿಡಲಿಲ್ಲ.

ಹೊನ್ನವ್ವ ಕಷಾಯ ನಿಲ್ಲಿಸಿದಳು. ಅನ್ನವ್ವನ ಮುಖದ ಮೋಡ ಮೆಲ್ಲಗೆ ತೆಳುವಾಯಿತು, ರೊಟ್ಟಿ ಪೂರ್ತಿ ಉಂಡಳು, ನಕ್ಕಳು ಕೂಡ. ತಾಯಿಯೊಡನೆ ಮಾತು ಮಾತ್ರ ಅಗತ್ಯಕ್ಕೆ ತಕ್ಕಷ್ಟೇ: “ಉಪ್ಪ ಕೊಡು,” “ಆಕಳ ಬಿಟ್ಟೆ.” ಹೊನ್ನವ್ವ ಒಂದೊಂದು ದಿನ ಬಾಯಿ ತೆರೆದು, “ಅನ್ನಿ, ನಾ…” ಎನ್ನುವಳು. ಮಗಳು ತಿರುಗಿ ನೋಡಿದರೆ, “ಏನಿಲ್ಲ, ನೀರ ತರ್ತೇನಿ” ಎಂದು ಕೊಡ ಎತ್ತುವಳು. ಆ ದಿನಗಳಲ್ಲಿ ಹಂಸಭಾವಿಯಿಂದ ಒಂದು ಗಾಡಿ ಬಂತು, ಕೂಗಾಡುವ ತಮ್ಮನನ್ನು ಅಣ್ಣ ಕರೆತಂದಿದ್ದ. “ಜೋಡಿ ನಾನರಿ” ಎಂದು ಅವನಾಗಿಯೇ ಮುಂದೆ ಬಂದ. ಹೊನ್ನವ್ವ ಅವನ ಮುಖ ನೋಡಲಾರದೆ, ಬೇರು ತೀರಿದೆ ಎಂದು ಸುಳ್ಳು ಹೇಳಿ ಹಿಂದಕ್ಕೆ ಕಳಿಸಿದಳು. ಹಾಗೆ ಕಳಿಸಿದ್ದಕ್ಕೆ ಇನ್ನೊಂದು ನಾಚಿಕೆ ಕೂಡಿಕೊಂಡಿತು.

ಮುಂದೆ ಆ ಸುಳ್ಳೇ ಖರೆಯಾಯಿತೆನ್ನಿ. ಗುತ್ತಿಗೆಯವರು ಕಾಡಿಗೆ ನುಗ್ಗಿ ಆ ಬೇರನ್ನು ಬುಡಸಮೇತ ಕಿತ್ತು ಮೂಟೆಗಟ್ಟಲೆ ಮುಂಬಯಿಗೆ ಕಳಿಸಿದರು. ಅದೇ ಬೇರು ಬಿಳಿ ಗುಳಿಗೆಯಾಗಿ ಹುಬ್ಬಳ್ಳಿಯ ಅಂಗಡಿಗೆ ಬಂತು. ಅರವತ್ತರ ದಶಕದ ಹೊತ್ತಿಗೆ ಓಣಿಗೆ ಬರುವ ಗಾಡಿಗಳು ಕಡಿಮೆಯಾದವು. ಆಗಲೂ ಯಾರಾದರೂ ಗುಳಿಗೆಯ ಪೊಟ್ಟಣ ಹಿಡಿದು ಬಂದು ಕೇಳಿದರೆ ಹೊನ್ನವ್ವ, “ನುಂಗಿಸೋಕಿಂತ ಮೊದಲ ಅವರಿಗೆ ಹೇಳೀರಿಲ್ಲೋ?” ಎನ್ನುತ್ತಿದ್ದಳು. ಅನ್ನವ್ವನಿಗೆ ವರ ಬಂದಾಗಲೂ ಅಷ್ಟೇ, ಬಂದವರು ಜಮಖಾನೆಯ ಮೇಲೆ ಕೂರುವ ಮೊದಲೇ ಬಾಗಿಲಲ್ಲಿ ನಿಂತು ಹೇಳಿಬಿಡುತ್ತಿದ್ದಳು. ಕೆಲವರು ಅಲ್ಲಿಂದಲೇ ತಿರುಗಿದರು. ಹಿರೇಕೆರೂರಿನ ಕಡೆಯವನೊಬ್ಬ ಕೂತು ಚಾ ಕುಡಿದ, ಅವನೇ ಅಳಿಯನಾದ. ಅದೆಲ್ಲ ಆಮೇಲಿನ ಮಾತು.

ಆ ವರ್ಷದ ಯುಗಾದಿ ಕಳೆದು ಬಿಸಿಲು ಏರಿದಾಗ ಅನ್ನವ್ವನ ಕಣ್ಣಲ್ಲಿ ಮತ್ತೆ ಆ ಮಿಂಚು ಕಂಡಿತು. ನಸುಕಿನಲ್ಲಿ ಕಸಬರಿಗೆಯ ಸಪ್ಪಳ ಕೇಳಿ ಹೊನ್ನವ್ವ ಹೊರಗೆ ಬಂದಳು. ಮಗಳು ಪಕ್ಕದವರ ಅಂಗಳದಲ್ಲಿ ನಿಂತಿದ್ದಳು. ಕಸಬರಿಗೆ ಅಲ್ಲೇ ಬಿಟ್ಟು ಸೀದಾ ತಾಯಿಯ ಎದುರು ಬಂದಳು.

“ಮತ್ತ ಬರಾಕತ್ತೈತಿ ಅವ್ವಾ. ನನಗ ತಿಳಿಯಾಕತ್ತೈತಿ. ಬೇರು ಕೊಡು. ಲೋಟದಾಗ ಬ್ಯಾಡ. ಬಟ್ಟಲದಾಗ, ಪಡಸಾಲ್ಯಾಗ, ಬಾಗಲಾ ತಗದಿಟ್ಟು.”

ಹೊನ್ನವ್ವ ಮಗಳ ಕಡೆ ಕೈ ಚಾಚಿದಳು. “ಕೊಡತೇನಿ. ಈ ಸಲ ನಾ ಜೋಡಿ ಕುಂದ್ರತೇನಿ ಅನ್ನಿ.”

“ನೀ ಬ್ಯಾಡ.”

“ಮತ್ಯಾರು? ನಿಮ್ಮ ಮಾವನ್ನ ಕರೀಲೇನು?”

“ಮಾವ ಸುಳ್ಳ ಹೇಳ್ಯಾನ. ನಿನ್ನ ಸಲುವಾಗಿ ಹೇಳ್ಯಾನ, ಆದ್ರೂ ಹೇಳ್ಯಾನ. ಮಾಸೂಮಕ್ಕನ್ನ ಕರಿ. ನೀನ ಹೋಗಿ ಕರಿ.”

ಮಾಸೂಮಾ ಎದುರುಮನೆಯ ಬಳೆಗಾರ್ತಿ. ಓಣಿಯ ಎಲ್ಲ ಹುಡುಗಿಯರ ಕೈ ಅವಳ ಕೈಯಲ್ಲಿ ದೊಡ್ಡದಾದದ್ದು. ಹೊನ್ನವ್ವ ದಿನಾ ದಾಟುವ ಆ ಓಣಿಯನ್ನು ಅಂದು ದಾಟಲು ಬಹಳ ಹೊತ್ತು ಬೇಕಾಯಿತು. ಬಾಗಿಲಲ್ಲಿ ನಿಂತು ಎಲ್ಲ ಹೇಳಿದಳು: ಬೇನೆ, ಕಷಾಯ, ಯಲವಿಗಿಯವರು. ಮಾಸೂಮಾ ಬಳೆ ಪೋಣಿಸುತ್ತಿದ್ದ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದಳು.

“ಅಯ್ಯ! ಇದನ್ನ ಹೇಳಾಕ ಇಷ್ಟ ದಿನ ಹಿಡೀತೇನ ಹೊನ್ನಕ್ಕ? ಓಣಿಗೆಲ್ಲ ಗೊತ್ತೈತಿ.”

“ಏನಂದಿ?”

“ನಿಮ್ಮ ಹುಡುಗಿ ಬಳಿ ಇಡಿಸಿಕೊಳ್ಳಾಕ ಬಂದಾಗ ಕೈಯಾಗ ಜೀವಾನ ಇದ್ದಿಲ್ಲ. ಸುಗ್ಗ್ಯಾಗ ಇದ ಹುಡುಗಿ ಕೈ ಹಿಡಿದು ನನ್ನ ಗಿರಕಿ ಹೊಡಿಸಿದ್ದಳು! ತಿಳಿಯಂಗಿಲ್ಲೇನ ನಮಗ? ನಿನ್ನ ಬಾಯಿಲೇ ಬರಲಿ ಅಂತ ಎಲ್ಲಾರೂ ಸುಮ್ನಿದ್ದಿವಿ. ನೀನಂತೂ ಬಾಯಿ ಬಿಗಿದಕೊಂಡ ಕುಂತಿ ನೋಡವಾ.”

ಯಾರಿಂದ ಮುಚ್ಚಿಡಬೇಕೆಂದು ಮಗಳಿಗೆ ಅಷ್ಟು ಮಾಡಿದಳೋ, ಅವರೆಲ್ಲ ಕಂಡು ಸುಮ್ಮನಿದ್ದರು. ಹೊನ್ನವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಜೋಡಿ ಕುಂದ್ರಾಕ ಅನ್ನಿ ನಿನ್ನನ್ನ ಕೇಳ್ಯಾಳ.”

ಮಾಸೂಮಾಳ ಬಾಯಿಯ ದಾರ ಬಿತ್ತು. “ನಾನ? ತೋಬಾ! ನಿಮ್ಮ ಮನಿ ಬಟ್ಟಲಕ್ಕ ನಾ ಬಾಯಿ ಹಚ್ಚೋದೇನ? ಆಮ್ಯಾಲ ನೀ ಅದನ್ನ ಎಷ್ಟ ಸಲ ಬೂದಿ ಹಚ್ಚಿ ತಿಕ್ಕತಿ?”

ಇದೇ ಹೊನ್ನವ್ವ ಮಾಸೂಮಾಳಿಗೆ ಮಜ್ಜಿಗೆಯನ್ನು ತಾಗದಂತೆ ಮೇಲಿನಿಂದ ಎರೆಯುತ್ತಿದ್ದವಳು. ಅದೂ ನೆನಪಾಯಿತು.

“ತಿಕ್ಕಂಗಿಲ್ಲ,” ಎಂದಳು. “ಬಾ ಮಾಸೂಮಾ. ಕೈ ಮುಗೀತೇನಿ.”

“ಕೈ ಇಳಸು ಮೊದಲು. ದೊಡ್ಡಾಕಿ ನೀ,” ಎಂದು ಮಾಸೂಮಾ ಬಳೆಯ ಬುಟ್ಟಿಗೆ ಬಟ್ಟೆ ಮುಚ್ಚಿ ಎದ್ದಳು.

ಬಾಗಿಲು ತೆರೆದಿಟ್ಟು, ಪಡಸಾಲೆಯಲ್ಲಿ ಜೋಡಿ ಚಾಪೆ ಹಾಸಿದರು. ಅನ್ನವ್ವ ಕುಡಿದಳು, ಮಾಸೂಮಾ ತಳ ಕುಡಿದಳು, ಕುಡಿದವಳೇ ಖುದಾನನ್ನೂ ಬಸವಣ್ಣನನ್ನೂ ಒಟ್ಟಿಗೆ ಕೂಗಿದಳು. ಅನ್ನವ್ವ ನಕ್ಕಳು. ಹೊನ್ನವ್ವ ಹಾಲು ಕದಡಿ ಬಟ್ಟಲು ಕೊಟ್ಟು ಹೊರಗಿನ ಕಟ್ಟೆಗೆ ಬಂದು ಕೂರುವಳು. ಓಣಿಯವರು ಹೋಗುತ್ತ ಬರುತ್ತ ಒಳಗೆ ಇಣುಕಿ, “ಆರಾಮ ಏನವಾ ಅನ್ನಿ?” ಎಂದು ಕೇಳುವರು. ಕಟ್ಟೆಯ ಮೇಲಿನವಳನ್ನು ಯಾರೂ ಏನೂ ಕೇಳಲಿಲ್ಲ.

ಕೆಲವು ದಿನವಾದ ಮೇಲೆ ಒಂದು ಮಧ್ಯಾಹ್ನ ಮಾಸೂಮಾ ಮೂಗು ಒರೆಸಿಕೊಳ್ಳುತ್ತ ಕಟ್ಟೆಗೆ ಬಂದು ಕೂತಳು.

“ಹೊನ್ನಕ್ಕ, ಬಾಳ ಕೆಟ್ಟದ್ದವಾ ನಿನ್ನ ಬೇರು. ಮೂಗ ಬಂದ್ ಆಗೇತಿ. ಕನಸಿನ್ಯಾಗ ನಮ್ಮವ್ವ ಬಂದು ಬೈದು ಹೋಗತಾಳ. ಸುಮ್ಮಸುಮ್ಮಕ ಅಳು ಬರ್ತೈತಿ. ನಾಳೆಯಿಂದ ಸ್ವಲ್ಪ ಕಮ್ಮಿ ಹಾಕು, ಹುಡುಗಿಗೂ ಜಾಸ್ತಿ ಆಗಾಕತ್ತೈತಿ, ನಾ ಹೇಳತೇನಿ ಕೇಳು. ಇಷ್ಟ ಭಾರ ಆಕ್ಕೈತಿ ಅಂತ ನಿನಗ ಗೊತ್ತಿತ್ತಲ್ಲ?”

ಹೊನ್ನವ್ವ ಓಣಿಯ ಕಡೆ ಮುಖ ತಿರುಗಿಸಿದಳು.

“ಇಲ್ಲ,” ಎಂದಳು. “ನಾ ಒಮ್ಮೆನೂ ಕುಡದಿಲ್ಲ.”

ಒಳಗೆ ಚಾಪೆಯ ಸಪ್ಪಳವಾಯಿತು. ಅನ್ನವ್ವ ಎಚ್ಚರವಿದ್ದಳು, ಕೇಳಿಸಿಕೊಂಡಿದ್ದಳು.

ಮರುದಿನ ಬಟ್ಟಲಲ್ಲಿ ಪುಡಿ ಕಮ್ಮಿ ಇತ್ತು. ಅನ್ನವ್ವ ಕುಡಿದಳು, ಮಾಸೂಮಾ ಕುಡಿದಳು. ಮಾಸೂಮಾಳ ಕೈಯಿಂದ ಅನ್ನವ್ವ ಬಟ್ಟಲು ತೆಗೆದುಕೊಂಡು ಓರೆ ಮಾಡಿ ನೋಡಿದಳು. ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಕಟ್ಟೆಗೆ ಹೊರಟಿದ್ದ ತಾಯಿಯ ಎದುರು ಅದನ್ನು ಚಾಚಿದಳು.

“ಜೋಡಿ ಮಾಸೂಮಕ್ಕನ. ಇದು ಬರೇ ನಿನಗ ಗೊತ್ತಿರಲಿ ಅಂತ.”

ಹೊನ್ನವ್ವ ಬಾಗಿಲ ಬಳಿಯೇ ಕೂತು ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕುಡಿದಳು. ನಾಲಗೆ ಸೆಳೆಯಿತು, ಕಣ್ಣಲ್ಲಿ ನೀರು ಬಂತು. ಮಗಳು ನೋಡುತ್ತಿದ್ದಳು. ಕಹಿ ಎಂದು ಹೇಳಲು ಹೊನ್ನವ್ವನಿಗೆ ಧೈರ್ಯವಾಗಲಿಲ್ಲ.